ಮಾತು ಕೇಳದ ದೋಣಿ

ಮೆಟ್ಟೂರು ಡ್ಯಾಮಿನಲ್ಲಿ ಮೊಟ್ಟಮೊದಲು ಹಡಗು ನಡೆಸಿದ ಕ್ಯಾಪ್ಟನ್ ನಾನೇ. ಇವತ್ತು ಸೇಲಂ ಪಾರ್ಕಿನ ಕೊಳದಲ್ಲಿ ಯಾರೋ ರಿಮೋಟ್ ದೋಣಿ ಬಿಡುತ್ತಿದ್ದರು; ನಿಂತುಬಿಟ್ಟೆ.

ಶಂಕಗಿರಿಯ ಲಾರಿ ಶೆಡ್ಡಿನಲ್ಲಿದ್ದ ನನ್ನಣ್ಣ ನಾನು ಹುಡುಗನಾಗಿದ್ದಾಗ ಹಳೇ ರೇಡಿಯೋ ಬಿಚ್ಚಿ ಅಂಥದ್ದೇ ದೋಣಿ ಕಟ್ಟಿದ್ದ. ಬೀಡಿ ಕಚ್ಚಿಕೊಂಡೇ ಬೆಸುಗೆ ಹಾಕುತ್ತಿದ್ದ. ಅವನ ಅಂಗಿಯೆಲ್ಲ ರಾಳದ ವಾಸನೆ.

ಡ್ಯಾಮಿನ ದಂಡೆಯಲ್ಲಿ ಅಣ್ಣ, "ಮೊದ್ಲು ದಡದಾಗಿಟ್ಟು, ಎಷ್ಟು ದೂರ ರಿಮೋಟಿನ ಮಾತು ಕೇಳ್ತೈತೆ ನೋಡಾನ. ಟೀ ಕುಡ್ದು ಬತ್ತೀನಿ, ಮುಟ್ಬೇಡ ಕಣ್ಲಾ" ಎಂದು ಹೋದ.

ಕುರಿ ಕಾಯುವ ಮುನಿಯ ಕೆಣಕಿದ. "ನಿನ್ ಕೈಲಿ ಆಯ್ತದಾ, ದೊರೆ? ಎಂಟಾಣೆ ಪಂದ್ಯ."

ನೀರಿಗೆ ಬಿಟ್ಟೇಬಿಟ್ಟೆ. ನಡುನೀರಿಗೆ ಹೋದ ಮೇಲೆ ರೇಡಿಯೋ ಅಲೆ ತಲುಪಲಿಲ್ಲ. ಎಷ್ಟು ಗುಂಡಿ ಒತ್ತಿದರೂ ತಿರುಗದೆ, ಬಂಡೆಗೆ ಬಡಿದು ಮುಳುಗಿತು. ಟೀ ಕುಡಿದು ಬಂದ ಅಣ್ಣ ಖಾಲಿ ನೀರು ನೋಡಿ ಶೆಡ್ಡಿಗೆ ಹೊರಟ. ಮತ್ತೆಂದೂ ಬೆಸುಗೆ ಕಡ್ಡಿ ಹಿಡಿಯಲಿಲ್ಲ.

ಪಾರ್ಕಿನವರು ದೋಣಿ ಎತ್ತಿಕೊಂಡು ಹೊರಟರು. ಆವತ್ತು ಸಾವಿರ ರೂಪಾಯಿ ಕಳೆದೆ ಎಂದು ಊರಿಗೆಲ್ಲ ಹೇಳಿದ್ದೇನೆ. ನನ್ನದು ಹೋದದ್ದು ಎಂಟಾಣೆ. ಮಿಕ್ಕಿದ್ದೆಲ್ಲ ಅಣ್ಣನದು.