ಮೇಜು ಬಿಡದ ನಾದಿನಿ

ನನ್ನ ನಾದಿನಿ ಇಪ್ಪತ್ತೆಂಟು ವರ್ಷದಿಂದ ಊರವರ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಾಳೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಬೀದಿಗೆ ತೆರೆದ ಬಾಗಿಲು, ಉದ್ದನೆಯ ಮೇಜು, ಅದರ ಮೇಲೆ ನಾಲ್ಕು ಮಡಿಕೆಯ ಕಂಬಳಿ. ಅವಳ ಸೊಂಟನೋವಿಗೆ ಆರು ವರ್ಷ. ನೋವೇ ಅವಳ ಗಡಿಯಾರವಾಗಿತ್ತು. ನಲವತ್ತು ಅಂಗಿಗೆ ಸೊಂಟ ಹಿಡಿದುಕೊಂಡರೆ ಕೂರುವಳು, ಅರವತ್ತಕ್ಕೆ ನೋವು ತೊಡೆಗಿಳಿದರೆ ಕೆಲಸ ನಿಲ್ಲಿಸುವಳು. ಈ ವರ್ಷ ಹತ್ತು ಅಂಗಿಗೇ ನಿಲ್ಲಿಸುವ ಹಾಗಾಯಿತು.

ಅವಳ ತಮ್ಮ, ಅಂದರೆ ನನ್ನ ಕಿರಿಯ ಮೈದುನ, ಒಂದು ದಿನ ಬಂದು ಹೇಳಿದ.

"ಸಾಕು ಬಿಡಕ್ಕ. ಕೋಣೆನ ಫೋನ್ ರಿಪೇರಿಯವನಿಗೆ ಕೊಟ್ಬಿಡೋಣ."

"ನನ್ನ ಕೇಳ್ದೆ ಮಾತು ಕೊಟ್ಟು ಬಂದ್ಯಾ?"

"ನಿಂಗೆ ನಿಂತ್ಕೊಳ್ಳೋಕೇ ಆಗಲ್ವಲ್ಲ!"

"ಮೂರು ತಿಂಗಳು ತಡಿ. ನಿಂತು ತೋರಿಸ್ತೀನಿ."

ಆಸ್ಪತ್ರೆಗೆ ನಾನೇ ಜೊತೆಗೆ ಹೋದೆ. ಮೊದಲ ಸಲ ಬೆನ್ನೆಲುಬಿನ ಪಕ್ಕದ ಒಂದು ನರಕ್ಕೆ ಮರಗಟ್ಟಿಸುವ ಔಷಧಿ ಚುಚ್ಚಿದರು. ಅರ್ಧ ದಿನ ನೋವು ಮಾಯವಾಯಿತು. ನೋವಿನ ಸುದ್ದಿ ಒಯ್ಯುವ ನರ ಅದೇ ಎಂದು ಗೊತ್ತಾದ ಮೇಲೆ, ಸೂಜಿಯ ತುದಿ ಬಿಸಿ ಮಾಡಿ ಅದನ್ನು ಸುಡುತ್ತೇವೆ ಎಂದರು ಡಾಕ್ಟರು.

"ಎಷ್ಟು ಬಿಸಿ? ರೇಷ್ಮೆಗೆ ಇಡೋ ಅಷ್ಟೋ, ಹತ್ತಿ ಬಟ್ಟೆಗೆ ಇಡೋ ಅಷ್ಟೋ?"

"ರೇಷ್ಮೆಗಿಂತ್ಲೂ ಕಮ್ಮಿನೇ ಕಣಮ್ಮ."

"ಅಷ್ಟೇನಾ? ನನ್ನ ಕೈ ಇದಕ್ಕಿಂತ ಜಾಸ್ತಿ ಸುಟ್ಕೊಂಡಿದೆ. ಸುಡಿ, ಸುಡಿ."

ಬೋರಲು ಮಲಗಿಸಿ, ಎಚ್ಚರವಿದ್ದಂತೆಯೇ ಮಾಡಿದರು. ಎರಡು ವಾರ ಚುಚ್ಚಿದ ಜಾಗ ಉರಿಯಿತು. ಮೂರನೆಯ ವಾರ ಬೆಳಿಗ್ಗೆ ಎದ್ದವಳು ಕಳೆದುಹೋದ ವಸ್ತುವನ್ನು ಹುಡುಕುವಂತೆ ಸೊಂಟ ತಡವಿಕೊಂಡಳು. ನೋವಿರಲಿಲ್ಲ. ನೇರ ಮೇಜಿನ ಮುಂದೆ ಹೋಗಿ ನಿಂತಳು.

ಅಲ್ಲೇ ಎಡವಿದ್ದು. ಕೂರು ಎಂದು ನೋವು ಹೇಳಲಿ ಎಂದು ಕಾದಳು, ಅದು ಹೇಳಲೇ ಇಲ್ಲ. ಸಂಜೆಗೆ ನೂರಾ ಹನ್ನೆರಡು ಅಂಗಿ. ಮರುದಿನ ಹಾಸಿಗೆಯಲ್ಲಿ ಮಗ್ಗುಲು ಬದಲಿಸಲು ನಾನು ಹಿಡಿದುಕೊಳ್ಳಬೇಕಾಯಿತು. ಮೈದುನ ಬಾಗಿಲಲ್ಲಿ ನಿಂತು "ನೋಡಿದ್ಯಾ?" ಎಂದಷ್ಟೇ ಹೇಳಿ ಹೋದ.

ವ್ಯಾಯಾಮ ಕಲಿಸುವ ಫಿಸಿಯೋ ಹುಡುಗಿ ಚೆನ್ನಾಗಿ ಬೈದಳು. "ಸುದ್ದಿ ಹೇಳೋ ನರ ಸುಟ್ಟಿದ್ದಾರೆ ಅಷ್ಟೇ ಅಜ್ಜಿ. ಬೆನ್ನು ಅದೇ ಹಳೇ ಬೆನ್ನು. ಆರು ವರ್ಷ ನೋವಿಗೆ ಹೆದರಿ ಬೆನ್ನು ಬಳಸದೆ ಮಾಂಸಖಂಡಗಳು ಸೊರಗಿವೆ. ನರ ಒಂದು ವರ್ಷಕ್ಕೋ ಒಂದೂವರೆಗೋ ಮತ್ತೆ ಬೆಳೆಯುತ್ತೆ. ಅಷ್ಟ್ರೊಳಗೆ ಅವು ಗಟ್ಟಿಯಾಗ್ಬೇಕು. ಗಂಟೆಗೊಮ್ಮೆ ವ್ಯಾಯಾಮ ಮಾಡಿ."

"ಅಜ್ಜಿ ಅನ್ಬೇಡ. ಗಂಟೆ ಗಿಂಟೆ ನಂಗೆ ಬೇಡ, ಎಷ್ಟು ಅಂಗಿಗೊಮ್ಮೆ ಅಂತ ಹೇಳು."

ಹದಿನೈದು ಎಂದು ಇಬ್ಬರೂ ಒಪ್ಪಿದರು.

ವ್ಯಾಯಾಮಕ್ಕೆ ನೆಲದ ಮೇಲೆ ಮಲಗಿದರೆ ಏಳುವುದು ಕಷ್ಟ. ಅದಕ್ಕೆ ಮೇಜಿನ ಮೇಲೆಯೇ ಮಲಗುತ್ತಿದ್ದಳು. ಹದಿನೈದು ಅಂಗಿಯಾದ ಕೂಡಲೇ ಇಸ್ತ್ರಿಪೆಟ್ಟಿಗೆ ಆರಿಸಿ, ಸ್ಟೂಲು ಮೆಟ್ಟಿ ಹತ್ತಿ, ಮಂಡಿ ಮಡಚಿ, ಸೊಂಟ ಮೇಲೆತ್ತಿ ಹಿಡಿಯುವುದು. ಹೀಗೆ ಹತ್ತು ಸಲ, ಬೀದಿಯವರೆಲ್ಲ ನೋಡುವ ಹಾಗೆ.

ಬ್ಯಾಂಕಿನ ಗುಮಾಸ್ತ ಇಣುಕಿ, "ಏನಕ್ಕ, ಇವತ್ತು ನಿಮಗೇ ಇಸ್ತ್ರಿನಾ?" ಎಂದ.

"ಹೂಂ, ಸುಕ್ಕು ಜಾಸ್ತಿ, ಟೈಮ್ ಹಿಡಿಯುತ್ತೆ. ಸಂಜೆ ಬಾ."

ನನಗೆ ನಾಚಿಕೆಯಾಗಿ, "ಬಾಗಿಲು ಹಾಕ್ಕೊಂಡಾದ್ರೂ ಮಾಡೇ" ಎಂದೆ.

"ಬಾಗಿಲು ಹಾಕಿದ್ರೆ ಅಂಗಡಿ ಮುಚ್ಚಿತು ಅಂತಾರೆ ಅತ್ತಿಗೆ. ನೋಡೋರು ನೋಡ್ಲಿ, ನಂದೇನು ಕದ್ದ ಸೊಂಟನಾ?"

ಮೂರು ತಿಂಗಳು ತುಂಬಿದ ದಿನ ಮೈದುನ ಫೋನ್ ರಿಪೇರಿಯವನನ್ನು ಕರೆತಂದ. ಅವನ ಕೈಯಲ್ಲಿ ಅಳತೆಯ ಟೇಪು. ನಾದಿನಿ ಮೇಜಿನ ಮೇಲೆ ಸೊಂಟ ಎತ್ತಿದ್ದಳು.

"ಅಕ್ಕ, ಸ್ವಲ್ಪ ಇಳಿ. ಅಳತೆ ತಗೋಬೇಕು."

"ಇನ್ನೂ ಮೂರು ಬಾಕಿ ಇದೆ. ನಿಂತಿರು."

ಇಬ್ಬರೂ ನಿಂತರು. ಮೂರನ್ನೂ ಮುಗಿಸಿ, ಯಾರ ಕೈಯನ್ನೂ ಹಿಡಿಯದೆ ಇಳಿದು, ಇಸ್ತ್ರಿಪೆಟ್ಟಿಗೆ ಬಿಸಿಗಿಟ್ಟಳು. ಅವರ ಕಣ್ಣೆದುರೇ ಹದಿನೈದು ಅಂಗಿ ಮಾಡಿ ಜೋಡಿಸಿದಳು. ಆ ದಿನದ ಐದನೆಯ ಸುತ್ತು ಅದು. ರಿಪೇರಿಯವನು ಟೇಪನ್ನು ಜೇಬಿಗೆ ಹಾಕಿಕೊಂಡು, "ನಾನು ಬೇರೆ ಕಡೆ ನೋಡ್ಕೋತೀನಿ ಅಣ್ಣ" ಎಂದು ಹೊರಟುಬಿಟ್ಟ.

ಮೈದುನ ಮಾತ್ರ ಬಿಡಲಿಲ್ಲ. "ಒಂದು ವರ್ಷಕ್ಕೆ ನರ ಮತ್ತೆ ಬೆಳೆದ್ರೆ ಏನ್ ಮಾಡ್ತೀಯಾ?"

"ಬೆಳೀಲಿ. ಆಗ ನೋಡ್ಕೋತೀನಿ. ಈಗ ಸುಮ್ನೆ ನಿಂತಿದ್ದೀಯಲ್ಲ, ಆ ಬೆಡ್‌ಶೀಟಿನ ಕೊನೆ ಹಿಡ್ಕೋ."

ಅವನು ಹಿಡಿದುಕೊಂಡ.