ಉಡಿ ತುಂಬಿದ ದೊಡ್ಡಬಾಯಾರು

ದೊಡ್ಡಬಾಯಾರ ದವಡೆ ಎಡಕ್ಕೆ ಸರಿದಿತ್ತು. ಬಾಯಿ ತೆರೆದರೆ ಕೆಳಗಿನ ಹಲ್ಲಿನ ಸಾಲು ಮೇಲಿನದಕ್ಕೆ ಕೂಡದೆ ಒಂದು ಬದಿಗೆ ನಿಲ್ಲುತ್ತಿತ್ತು. ರೊಟ್ಟಿ ಅಗಿಯುವಾಗ ಕಿವಿಯ ಹತ್ತಿರ ಎಲುಬು ಕಟ್ ಕಟ್ ಎಂದು ಸಪ್ಪಳ ಮಾಡುತ್ತಿತ್ತು. ಮಗಳನ್ನು ಸಾಲಿಗೆ, ಅಂದರೆ ಶಾಲೆಗೆ, ಹಚ್ಚಲು ಬಂದ ತಾಯಂದಿರು ಅದನ್ನೇ ನೋಡುತ್ತ ನಿಂತರೆ ಅವರು ತಾವಾಗಿಯೇ ಹೇಳಿಬಿಡುತ್ತಿದ್ದರು: “ನೋಡ್ರಿ, ಚೆಂದಾಗಿ ನೋಡ್ಕೋರ್ರಿ. ನಮ್ಮ ಯಜಮಾನ್ರು ಬಾಗಲದ ಅಗಳಿ ತಗೊಂಡು ಬಡದಿದ್ರು. ಸಾರಿನಾಗ ಉಪ್ಪ ಹೆಚ್ಚಾಗಿತ್ತು. ಅವತ್ತಿಂದ ಉಪ್ಪೂ ಕಡಿಮಿ ಮಾಡೀನಿ, ಯಜಮಾನ್ರನ್ನೂ ಬಿಟ್ಟೀನಿ.” ತಾಯಂದಿರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಜೊತೆಗೆ ಬಂದ ಗಂಡಸರು ತಮ್ಮ ಚಪ್ಪಲಿ ನೋಡಿಕೊಳ್ಳುತ್ತಿದ್ದರು.

ಕಲಿಸುವ ಹೆಣ್ಣುಮಕ್ಕಳನ್ನು ನಮ್ಮ ಕಡೆ ಬಾಯಾರು ಎನ್ನುತ್ತೇವೆ. ಇವರು ಘಟಪ್ರಭಾದಿಂದ ಹುಕ್ಕೇರಿಗೆ ಹೋಗುವ ರಸ್ತೆಯ ಬಾಜೂ ಇದ್ದ ಹೆಣ್ಣುಮಕ್ಕಳ ಹೈಸ್ಕೂಲಿನ ಮುಖ್ಯಸ್ಥೆ, ಆದ್ದರಿಂದ ದೊಡ್ಡಬಾಯಾರು. ನಾನು ಇವತ್ತು ಗೋಕಾಕದಲ್ಲಿ ಗೋವಿನಜೋಳದ ದಲಾಲಿ ಅಂಗಡಿ ನಡೆಸುತ್ತೇನೆ. ಹರಾಜಿನ ಸವಾಲಿನಲ್ಲಿ ಗಂಡಸರ ನಡುವೆ ನಿಂತು ದರ ಕೂಗುವುದನ್ನು ಎಲ್ಲಿ ಕಲಿತಿರಿ ಎಂದು ಪ್ಯಾಟಿಯವರು ಕೇಳುತ್ತಾರೆ. ಸಾಲಿಯಲ್ಲಿ ಎಂದರೆ ನಗುತ್ತಾರೆ. ನಗಲಿ. ಬಾಯಿಂದ ರಕ್ತ ಸೋರುತ್ತಿದ್ದಾಗಲೂ ವ್ಯವಹಾರ ಮುಗಿಸಿ ಎದ್ದ ಒಬ್ಬ ಹೆಣ್ಣುಮಗಳನ್ನು ನಾನು ಎದುರಿಗೇ ನೋಡಿದ್ದೇನೆ, ಅವರು ನೋಡಿಲ್ಲ.

ಬೇಸಿಗೆ ರಜೆ ಮುಗಿದು ಸಾಲಿ ಚಾಲೂ ಆಗುವ ದಿನ ಬೇರೆ ಕಡೆ ತಳಿರು ಕಟ್ಟುತ್ತಾರೆ, ಮಕ್ಕಳ ಕೈಗೆ ಗುಲಾಬಿ ಕೊಡುತ್ತಾರೆ, ಕಮಿಟಿಯವರು ಭಾಷಣ ಮಾಡುತ್ತಾರೆ. ನಮ್ಮಲ್ಲಿ ಕಮಿಟಿಯ ಅಧ್ಯಕ್ಷರು ಎದ್ದು ನಿಂತರೆ ದೊಡ್ಡಬಾಯಾರು, “ನಿಮ್ದು ಜನೇವರಿಗೆ ಇಟ್ಕೋರ್ರಿ ಸಾಹೇಬ್ರ, ಧ್ವಜಾ ಏರಸೂ ದಿನಾ ಮಾತಾಡೀರಂತ” ಎಂದು ಕೂಡಿಸಿಬಿಡುತ್ತಿದ್ದರು. ಆಮೇಲೆ ಬಂದ ತಾಯಂದಿರಿಗೆಲ್ಲ ಉಡಿ ತುಂಬುತ್ತಿದ್ದರು. ತವರಿಗೆ ಬಂದ ಮಗಳು ಹೊರಡುವಾಗ ಅವಳ ಸೆರಗಿನಲ್ಲಿ ಅಕ್ಕಿ, ತೆಂಗಿನಕಾಯಿ, ಅರಿಷಿಣದ ಕೊಂಬು, ಕುಪ್ಪಸದ ಖಣ ಹಾಕಿ ಕಟ್ಟಿಕೊಡುತ್ತಾರಲ್ಲ, ಅದೇ.

ಅದು ಬರೀ ಪ್ರೀತಿ ಎಂದು ತಿಳಿಯಬೇಡಿ. ಉಡಿ ತುಂಬಿದ ಮನೆ ತವರುಮನೆ, ತವರಿಗೆ ಮಗಳ ಪರವಾಗಿ ಕೇಳುವ ಹಕ್ಕಿದೆ. ವರ್ಷದ ನಡುವೆ ಯಾವ ಹುಡುಗಿ ಸಾಲಿ ಬಿಟ್ಟರೂ, ಯಾವ ತಾಯಿಯ ಕಣ್ಣು ಬಾತರೂ, ಅವರು ಆ ಮನೆಯ ಕಟ್ಟೆಯ ಮೇಲೆ ಹೋಗಿ ಕೂತುಬಿಡುತ್ತಿದ್ದರು. “ಅಳಿಯಂದ್ರ, ಹೊರಗ ಬರ್ರಿ. ನಿಮ್ಮ ಹೆಂಡ್ತಿ ತವರಮನಿಯಿಂದ ಬಂದೀನಿ.” ಓಣಿಯೇ ಕೂಡುತ್ತಿತ್ತು. ಬೈದು ಕಳಿಸೋಣವೆಂದರೆ ಅವನ ಹೆಂಡತಿ ಆ ಉಡಿಯ ಅಕ್ಕಿ ಬೇಯಿಸಿ ಅವನಿಗೇ ಉಣಿಸಿ ಆಗಿರುತ್ತಿತ್ತು.

ಹೊಸದಾಗಿ ಕೆಲಸಕ್ಕೆ ಬಂದ ಬಾಯಾರನ್ನು ಆ ದಿನ ಗೇಟಿನಲ್ಲಿ ನಿಲ್ಲಿಸುತ್ತಿದ್ದರು. ಅವರಿಗೆ ಹೇಳುತ್ತಿದ್ದ ಮಾತನ್ನು ಮುಂದಿನ ವರ್ಷಗಳಲ್ಲಿ ನಾನೇ ಎಷ್ಟೋ ಸಲ ಕೇಳಿದ್ದೇನೆ. “ಹುಡುಗ್ಯಾರ ಮಾರಿ ಎಲ್ಲಾರೂ ನೋಡ್ತಾರ. ನೀವು ಕರಕೊಂಡ ಬಂದವರ ಕೈ ನೋಡ್ರಿ. ಬೆರಳ ಹಿಡಕೊಂಡಿದ್ರ ಚಿಂತಿಲ್ಲ. ಮುಂಗೈ ಹಿಡದಿದ್ರ ಹೆಸರ ಕೇಳಿ ಇಟ್ಕೋರ್ರಿ. ರಟ್ಟಿ ಹಿಡದಿದ್ರ ನನ್ನ ಕರೀರಿ.”

ಕಾಕಾ ನನ್ನ ರಟ್ಟೆ ಹಿಡಿದಿದ್ದ.

ಅಪ್ಪ ನಾನು ಸಣ್ಣವಳಿದ್ದಾಗಲೇ ತೀರಿಕೊಂಡಿದ್ದ. ಮೂಡಲಗಿ ಕಡೆಯ ನಮ್ಮ ಹಳ್ಳಿಯಲ್ಲಿ ಅವ್ವ ಮತ್ತು ನಾನು ಅಪ್ಪನ ತಮ್ಮನ ಮನೆಯಲ್ಲಿದ್ದೆವು. ಈ ಕಾಕಾನಿಗೆ ಬಾಯಿಗಿಂತ ಮೊದಲು ಕೈ ಬರುತ್ತಿತ್ತು. ನಾನು ಎಂಟನೆಯ ಇಯತ್ತೆ ಪಾಸಾದ ಬೇಸಿಗೆಯಲ್ಲಿ, ಹುಕ್ಕೇರಿಯಲ್ಲಿದ್ದ ತನ್ನ ಹೆಂಡತಿಯ ತಮ್ಮನಿಗೆ ನನ್ನನ್ನು ಕೊಡುವುದೆಂದು ಮಾತು ಮುಗಿಸಿ ಬಂದ. ಅವ್ವ ಬೇಡವೆಂದದ್ದಕ್ಕೆ ಊದುಗೊಳವೆಯಿಂದ ಅವಳ ಬೆನ್ನ ಮೇಲೆ ಬಾಸುಂಡೆ ಎಬ್ಬಿಸಿದ. ಸಾಲಿಯಲ್ಲಿ ನನ್ನ ಹೆಸರು ಕಡಿಸಿಬಿಟ್ಟರೆ ದೊಡ್ಡಬಾಯಾರು ಕಟ್ಟೆಗೆ ಬಂದು ಕೂಡುವುದಿಲ್ಲ ಎಂದು ಲೆಕ್ಕ ಹಾಕಿ, ಸಾಲಿ ಚಾಲೂ ಆಗುವ ದಿನವೇ ನನ್ನನ್ನು ಎಳೆದುಕೊಂಡು ಹೊರಟ. ಅವ್ವ ಯಾರೂ ಕರೆಯದೆ ಅದೇ ಬಸ್ಸು ಹತ್ತಿದಳು.

“ಬರ್ರಿ, ಬಿಸಲಾಗ ಬಂದೀರಿ. ಬೆಲ್ಲಾ ನೀರಾ ತಗೋರ್ರಿ” ಎಂದರು ದೊಡ್ಡಬಾಯಾರು.

“ನೀರ ಕುಡ್ಯಾಕ ಬಂದಿಲ್ರಿ. ಹುಡುಗಿ ಹೆಸರ ಕಡೀರಿ, ನಾ ಹೊಂಟೆ.”

“ಕಡ್ಯಾಕ ಪೆನ್ನ ಬೇಕಲ್ರಿ, ಪೆನ್ನ ಒಳಗ ಐತಿ. ತರೂ ತನಕ ಹುಡುಗಿ ತಾಯಿ ಉಡಿ ತುಂಬತೀವಿ.”

ಅಂದೇ ಕೆಲಸಕ್ಕೆ ಸೇರಿದ ಹೊಸ ಬಾಯಾರು ಉಡಿಯ ತಾಟು ಹಿಡಿದು ಅವ್ವನ ಮುಂದೆ ಬಂದವರು ಹಾಗೇ ನಿಂತರು. “ಬಾಯಾರ, ಇವ್ರ ಹಣಿ ಮ್ಯಾಲ ಕುಂಕುಮ ಇಲ್ರಿ” ಎಂದು ಸಣ್ಣ ದನಿಯಲ್ಲಿ ಹೇಳಿದರು.

“ನನಗೂ ಕಣ್ಣ ಅದಾವ್ರಿ. ಉಡಿ ತುಂಬೂದು ತವರಿಗೆ ಬಂದ ಮಗಳಿಗೆ, ಅಕಿ ಗಂಡಗಲ್ಲ. ಸೆರಗ ಒಡ್ಡವಾ ತಂಗಿ.”

ಹಿಂದಿನ ವರ್ಷ ಅವ್ವ ಸಾಲಿಗೆ ಬಂದಿರಲಿಲ್ಲ, ಅಪ್ಪ ಹೋದ ಮೇಲೆ ಯಾರೂ ಅವಳ ಉಡಿ ತುಂಬಿರಲಿಲ್ಲ. ಅವಳು ಸೆರಗು ಒಡ್ಡಿದಳು. ಅಕ್ಕಿ ಬಿತ್ತು, ಕಾಯಿ ಬಿತ್ತು. ಅವಳು ಅದನ್ನು ಗಂಟು ಹಾಕಿಕೊಂಡಳೋ ಇಲ್ಲವೋ, ಕಾಕಾ ತಾಟನ್ನು ಒದ್ದ.

“ಮುಂಡಿಗೆ ಉಡಿ ತುಂಬತೀರಿ? ನಮ್ಮ ಮನಿ ಮಾನಾ ತಗ್ಯಾಕ ಕುಂತೀರಿ ಇಲ್ಲಿ?”

ಅಡ್ಡ ಬಂದ ಹೊಸ ಬಾಯಾರ ಹೊಟ್ಟೆಗೆ ಒದ್ದ. ಅವರು ಕುಂಕುಮದ ಮೇಲೆ ಮಗುಚಿ ಬಿದ್ದರು. ದೊಡ್ಡಬಾಯಾರ ಅದೇ ದವಡೆಗೆ ಮುಷ್ಟಿಯಿಂದ ಗುದ್ದಿದ. ಅವ್ವನ ತುರುಬು ಹಿಡಿದು ನೆಲಕ್ಕೆ ಕೆಡವಿ ಅವಳ ಕೈಯ ಮೇಲೆ ಕಾಲಿಟ್ಟು ನಿಂತ. ಇಷ್ಟೂ ನಾನು ಕಣ್ಣು ಪಿಳುಕಿಸುವುದರೊಳಗೆ ಆಯಿತು. ಆಮೇಲೆ ನನ್ನ ಹೆರಳು ಹಿಡಿದು ಗೇಟಿನ ಕಡೆಗೆ ಎಳೆಯತೊಡಗಿದ. ನೆತ್ತಿಯ ಚರ್ಮ ಕಿತ್ತು ಬಂತೆಂದೇ ತಿಳಿದೆ. ಹೊರಗೆ ಬಸ್ಸಿನ ಹಾರ್ನು ಕೇಳುತ್ತಿತ್ತು. ಗೇಟು ದಾಟಿದರೆ ನಾನು ಹುಕ್ಕೇರಿಯವನ ಹೆಂಡತಿ. ಅದು ನನಗೆ ಸ್ಪಷ್ಟವಾಗಿ ಗೊತ್ತಿತ್ತು.

ದೊಡ್ಡಬಾಯಾರು ರಕ್ತ ಉಗುಳಿದರು. ದನಿ ಏರಿಸಲಿಲ್ಲ. “ಹೊಸಾ ಬಾಯಾರ, ಗೇಟ ಹಾಕ್ರಿ.”

ಆ ಹೆಣ್ಣುಮಗಳು ಹೊಟ್ಟೆ ಹಿಡಿದು ಅಂಬೆಗಾಲಿನಲ್ಲೇ ಹೋಗಿ ಗೇಟು ದಬ್ಬಿ, ಕೀಲಿ ಹಾಕಿ, ಅದಕ್ಕೇ ಬೆನ್ನು ಕೊಟ್ಟು ಕೂತುಬಿಟ್ಟರು.

ಕಾಕಾ ಹಿಂದಿರುಗಿ ನೋಡುವುದರಲ್ಲಿ ಅವ್ವ ಎದ್ದು ನಿಂತಿದ್ದಳು. ಸೆರಗಿನ ಗಂಟನ್ನು ಹುರಿ ಮಾಡಿ ಕೈಗೆ ಸುತ್ತಿಕೊಂಡಿದ್ದಳು. ತುದಿಯಲ್ಲಿ ಕಾಯಿ ತೂಗುತ್ತಿತ್ತು. ಮೊದಲ ಪೆಟ್ಟು ಕಿವಿಗೆ ಬಿತ್ತು. ಎರಡನೆಯದು ಬಾಯಿಗೆ, ಹಲ್ಲು ಹಾರಿ ನನ್ನ ಕಾಲ ಹತ್ತಿರ ಬಿತ್ತು. ಅವ್ವ ಬೈಯಲಿಲ್ಲ, ಅಳಲಿಲ್ಲ. ಕಣದಲ್ಲಿ ತೆನೆ ಬಡಿಯುವಂತೆ ಒಂದೇ ಸಮನೆ ಬಡಿದಳು. ಕಾಕಾ ಮೊಣಕಾಲೂರಿದ ಮೇಲೆ ಉಳಿದ ತಾಯಂದಿರೂ ಬಂದರು. ಒಬ್ಬೊಬ್ಬರ ಉಡಿಯಲ್ಲೂ ಒಂದೊಂದು ಕಾಯಿ ಇತ್ತು. ಅವರಲ್ಲಿ ಯಾರಿಗೂ ಕಾಕಾನ ಪರಿಚಯ ಇರಲಿಲ್ಲ. ಯಾರು ಯಾರನ್ನು ನೆನೆದು ಹೊಡೆದರೋ ಅವರವರಿಗೇ ಗೊತ್ತು. ಒಬ್ಬಾಕೆ ಒಂದೊಂದು ಪೆಟ್ಟಿಗೂ “ಇದು ನಿನ್ನಿದ್ದು, ಇದು ಮೊನ್ನಿದ್ದು” ಎನ್ನುತ್ತಿದ್ದಳು. ಕಾಕಾ ಕೈ ಮೇಲೆತ್ತುವುದನ್ನೂ ಬಿಟ್ಟ.

ಆಗ ದೊಡ್ಡಬಾಯಾರು ಬಂದು ಅವನ ಮೇಲೆ ಬೋರಲು ಬಿದ್ದರು. ಅವನ ತಲೆಯ ಮೇಲೆ ತಮ್ಮ ಬಲಗೈ ಹರವಿದರು. ಅವ್ವನ ಕಾಯಿ ಆ ಕೈಯ ಮೇಲೆಯೇ ಬಿತ್ತು. ಎರಡು ಬೆರಳು ಮುರಿದ ಸಪ್ಪಳ ನನಗೆ ಕೇಳಿಸಿತು.

“ಸಾಕ್ರವಾ. ಕೊಲ್ಲಾಕ ಉಡಿ ತುಂಬಿಲ್ಲ ನಾ.”

ಅವ್ವ ಮತ್ತೆ ಕೈ ಎತ್ತಿದ್ದಳು. ದೊಡ್ಡಬಾಯಾರು ಎಡಗೈಯಿಂದ ಅವಳ ಸೆರಗು ಹಿಡಿದುಕೊಂಡರು, ಬಿಡಲಿಲ್ಲ. ಹಾಗೆ ಹಿಡಿದುಕೊಂಡೇ ಕಾಕಾನ ಬಾಜೂ ನೆಲದ ಮೇಲೆ ಕೂತರು.

“ಅಳಿಯಂದ್ರ, ಉಸರ ಐತಿಲ್ಲ? ಹಂಗಾರ ಮಾತಾಡೂಣು.”

“ಪೊಲೀಸರ್ನ ಕರಸ್ತೀನಿ. ಒಬ್ಬಾಕಿನ್ನೂ ಬಿಡೂದಿಲ್ಲ.”

“ಕರಸ್ರಿ. ಠಾಣೇದಾಗ ಏನ ಬರಸ್ತೀರಿ? ಹೆಣ್ಮಕ್ಕಳು ಕೂಡಿ ಟೆಂಗಿನಕಾಯಿಲೆ ಬಡದ್ರು ಅಂತಾನ? ಆಮ್ಯಾಲ ಮೂಡಲಗಿ ಸಂತ್ಯಾಗ ಹೆಂಗ ತಿರಗ್ತೀರಿ?”

ಕಾಕಾ ತುಟಿಯ ರಕ್ತ ಒರೆಸಿಕೊಂಡ. ದೊಡ್ಡಬಾಯಾರು ಸುತ್ತ ನೋಡಿದರು. “ನೀವು ಮೆಟ್ಟಲ ಮ್ಯಾಲ ಜಾರಿ ಬಿದ್ರಿ. ಹಿಡ್ಯಾಕ ಬಂದು ನಾನೂ ಬಿದ್ದೆ. ಇವ್ರೆಲ್ಲಾ ನೋಡ್ಯಾರ. ಹೌದಿಲ್ಲೋ?”

“ಹೌದ್ರಿ, ಜಾರಿದ್ರು” ಎಂದರು ತಾಯಂದಿರು. “ಭಾಳ ಜಾರತಾವ್ರಿ ಆ ಮೆಟ್ಟಲಾ” ಎಂದಳು ನಿನ್ನೆಮೊನ್ನೆಯ ಲೆಕ್ಕ ಹೇಳಿದಾಕೆ, ಏದುಸಿರು ಬಿಡುತ್ತ.

“ಇದಕ್ಕ ಏನ ಬೇಕು ನಿಮಗ?” ಕಾಕಾನಿಗೂ ವ್ಯವಹಾರ ತಿಳಿಯುತ್ತಿತ್ತು.

“ಹುಡುಗಿ. ಹದಿನೆಂಟ ತುಂಬೂ ತನಕ. ತಾಯಿ ಮಗಳು ಇಲ್ಲೇ ಸಾಲಿ ಹಿಂದಿನ ಖೋಲ್ಯಾಗ ಇರ್ತಾರ.”

“ದೀಪಾವಳಿ ತನಕ ಬಿಡ್ತೀನಿ.”

“ಹಲ್ಲ ಇನ್ನೂ ನೆಲದ ಮ್ಯಾಲ ಬಿದ್ದೈತಿ, ದೀಪಾವಳಿ ಅಂತೀರಲ್ಲ.”

“ಹತ್ತನೇತ್ತೆ ಮುಗೀಲಿ. ಅಷ್ಟರ ಮ್ಯಾಲ ಆಗೂದಿಲ್ಲ.”

ದೊಡ್ಡಬಾಯಾರು ಮುರಿದ ಬೆರಳುಗಳನ್ನು ತೊಡೆಯ ಮೇಲಿಟ್ಟುಕೊಂಡು ಅವನ ಮುಖವನ್ನೇ ನೋಡುತ್ತ ಕೂತರು. ಕಾಕಾ ಗೇಟು ನೋಡಿದ, ತಾಯಂದಿರನ್ನು ನೋಡಿದ, ಕೊನೆಗೆ ಅವ್ವನನ್ನು ನೋಡಿದ. ಅವ್ವ ಸೆರಗಿನ ಹುರಿ ಇನ್ನೂ ಬಿಚ್ಚಿರಲಿಲ್ಲ. “ಹದಿನೆಂಟು” ಎಂದ.

ಪ್ಯಾಟಿಗೆ ಹೊಸದಾಗಿ ಬರುವ ಹುಡುಗರಿಗೆ ನಾನು ಇದನ್ನೇ ಹೇಳುತ್ತೇನೆ: ನಿಮ್ಮ ಬೇಡಿಕೆ ಒಮ್ಮೆ ಹೇಳಿ, ಆಮೇಲೆ ಬಾಯಿ ಮುಚ್ಚಿ. ಎದುರಿನವನು ಎರಡನೆಯ ಸಲ ಮಾತಾಡಿದನೆಂದರೆ ಇಳಿಯುತ್ತಿದ್ದಾನೆ ಎಂದೇ ಅರ್ಥ. ಮತ್ತು ಸೋತವನನ್ನು ಬರಿಗೈಯಲ್ಲಿ ಕಳಿಸಬೇಡಿ. ಮನೆಯಲ್ಲಿ ಹೇಳಲು ಅವನಿಗೊಂದು ಮಾತು ಕಟ್ಟಿ ಕೊಡಿ. ಅದಿಲ್ಲದಿದ್ದರೆ ಮರುದಿನ ಅವನು ಒಪ್ಪಂದ ಮುರಿಯಲೆಂದೇ ಬರುತ್ತಾನೆ. ಕಾಕಾ ಮರುದಿನ ಬರಲಿಲ್ಲ.

ಕಾಕಾ, ದೊಡ್ಡಬಾಯಾರು ಇಬ್ಬರನ್ನೂ ಒಂದೇ ಟೆಂಪೋದಲ್ಲಿ ಘಟಪ್ರಭಾದ ದವಾಖಾನೆಗೆ ಒಯ್ದೆವು. ಮೆಟ್ಟಿಲ ಕಥೆ ಕೇಳಿಕೊಳ್ಳುತ್ತಲೇ ಡಾಕ್ಟರು ದೊಡ್ಡಬಾಯಾರ ದವಡೆ ಮುಟ್ಟಿ ನೋಡಿ, “ಇದರಾಗ ಹಳೇ ಪೆಟ್ಟೂ ಐತಲ್ರಿ?” ಎಂದರು. “ಅದು ಬ್ಯಾರೆ ಮೆಟ್ಟಲ್ರಿ” ಎಂದರು ಇವರು. ಹಾಸಿಗೆಯ ಬಾಜೂ ನಿಂತಿದ್ದ ಹೊಸ ಬಾಯಾರ ಸೀರೆಯ ತುಂಬ ಕುಂಕುಮವೂ ರಕ್ತವೂ ಕಲೆಸಿ ಹೋಗಿತ್ತು.

“ನಾಳಿಂದ ಬರ್ತೀರೇನ್ರಿ, ಇಲ್ಲಾ ಊರಿಗೆ ಹೋಗ್ತೀರಿ?” ಎಂದು ದೊಡ್ಡಬಾಯಾರು ಅವರನ್ನು ಕೇಳಿದರು.

“ಗೇಟಿನ ಕೀಲಿ ನನ್ನ ಹತ್ರನಽ ಐತಲ್ರಿ” ಎಂದರು ಅವರು. ಅವರು ಇಂದಿಗೂ ಅಲ್ಲಿಯೇ ಇದ್ದಾರೆ.

ಅವ್ವ ಸಾಲಿಯ ಬಿಸಿಯೂಟದ ಅಡುಗೆಗೆ ನಿಂತಳು. ನಾನು ಹಿಂದಿನ ಖೋಲಿಯಲ್ಲಿ ಓದಿ ಹತ್ತನೆಯದನ್ನು ಮುಗಿಸಿದೆ, ಆಮೇಲೆ ಗೋಕಾಕದ ಕಾಲೇಜು. ಹದಿನೆಂಟು ತುಂಬಿದಾಗ ಕಾಕಾ ಕೇಳಲು ಬರಲಿಲ್ಲ. ಹುಕ್ಕೇರಿಯವನು ಕಾಯದೆ ಬೇರೆ ಮದುವೆಯಾಗಿದ್ದ. ದೊಡ್ಡಬಾಯಾರ ಆ ಎರಡು ಬೆರಳು ಮುಂದೆ ಮಡಚಲಿಲ್ಲ. ಸುಣ್ಣದ ಕಡ್ಡಿಯನ್ನು ಎಡಗೈಗೆ ಬದಲಿಸಿಕೊಂಡರು. ಅಕ್ಷರ ಮೊದಲಿಗಿಂತ ಚೆನ್ನಾಗಿದೆ ಎಂದು ತಾವೇ ಹೊಗಳಿಕೊಳ್ಳುತ್ತಿದ್ದರು. ಅವ್ವ ಮಾತ್ರ ಆ ಕೈ ಕಂಡಾಗಲೆಲ್ಲ ತಲೆ ತಗ್ಗಿಸುತ್ತಿದ್ದಳು.

ನನಗೆ ಒಂದು ಸಿಟ್ಟು ಇದ್ದೇ ಇತ್ತು. ಅಂಥ ಮನುಷ್ಯನ ಮೇಲೆ ಬಿದ್ದು ಅವನನ್ನು ಯಾಕೆ ಉಳಿಸಿದಿರಿ ಎಂದು ಒಮ್ಮೆ ಕೇಳಿಯೂ ಇದ್ದೆ. “ನಿನಗ ಮುಂದ ತಿಳೀತೈತಿ” ಎಂದಷ್ಟೇ ಹೇಳಿ ಲವಂಗ ಬಾಯಿಗೆ ಹಾಕಿಕೊಂಡಿದ್ದರು.

ಹೋದ ವರ್ಷ ಅವರು ತೀರಿಕೊಂಡರು. ಮಣ್ಣು ಕೊಡಲು ಹೊಲಕ್ಕೆ ಹೋದಾಗ ಜನರ ನಡುವೆ ಕಾಕಾನನ್ನು ಕಂಡೆ. ಮುದುಕನಾಗಿದ್ದ, ಬಡಿಗೆ ಊರಿಕೊಂಡಿದ್ದ. ಒಂದು ಕಿವಿ ಕೇಳುವುದಿಲ್ಲವೆಂದು ಗೊತ್ತಿತ್ತು, ಇನ್ನೊಂದು ಕಿವಿಯ ಹತ್ತಿರ ಹೋಗಿ ಕೇಳಿದೆ.

“ನೀ ಯಾಕ ಬಂದಿ ಕಾಕಾ?”

ಕಿವುಡರಂತೆ ಜೋರಾಗಿಯೇ ಹೇಳಿದ, ನಿಂತವರೆಲ್ಲ ತಿರುಗಿ ನೋಡಿದರು. “ಅವತ್ತ ಅಕಿ ನನ್ನ ಮ್ಯಾಲ ಬೀಳಲಿಲ್ಲಂದ್ರ, ನಿಮ್ಮವ್ವ ನನ್ನ ಮುಗಸ್ತಿದ್ದಳು.”

ಇಷ್ಟು ವರ್ಷ ಮೆಟ್ಟಿಲ ಮಾತನ್ನು ಯಾರೂ ಮುರಿದಿರಲಿಲ್ಲ. ಅವನೇ ತನ್ನ ಬಾಯಿಂದ ಮುರಿದ. ಅದಕ್ಕೇ ನಾನೂ ಈಗ ಬರೆಯುತ್ತಿದ್ದೇನೆ. ನಾನು ಅವ್ವನ ಮುಖ ನೋಡಿದೆ. ಅವಳು ಇಲ್ಲ ಎನ್ನಲಿಲ್ಲ. ಇನ್ನು ಎರಡು ಪೆಟ್ಟು ಬಿದ್ದಿದ್ದರೆ ಅವಳು ಜೈಲಿಗೆ ಹೋಗುತ್ತಿದ್ದಳು, ದಿಕ್ಕಿಲ್ಲದ ನನ್ನನ್ನು ಮನೆತನದವರು ಅದೇ ವಾರ ಹುಕ್ಕೇರಿಗೆ ಸಾಗಿಸುತ್ತಿದ್ದರು. ಆ ಬೆರಳು ಮುರಿದದ್ದು ಕಾಕಾನ ತಲೆಯ ಸಲುವಾಗಿ ಎಂದು ನಾನು ಅಲ್ಲಿಯ ತನಕ ತಿಳಿದಿದ್ದೆ.

ಅವ್ವ ಎರಡೂ ಕೈಯಿಂದ ಮಣ್ಣು ಹಾಕಿದಳು. ಆಮೇಲೆ ಹಿಂದೆ ಸರಿದು, ಕಾಕಾನಿಗೂ ಹಾಕಲು ಜಾಗ ಬಿಟ್ಟಳು.