ಅಂತರಗಂಗೆ ಬೆಟ್ಟ ಯಾವ ಗಣಿಯದು?

ಕೇಳಿರಯ್ಯಾ ಗೆಳೆಯರೇ! ಇಂದು ಗಣಿಗೆ ರಜೆ. ಗಣಿ ಕಾರ್ಮಿಕರ ಊರಿಗಾಂ ಲೈನಿನ ಮನೆಯಿಂದ ಮಗಳನ್ನು ಮೊದಲ ಸಲ ಅಂತರಗಂಗೆ ಬೆಟ್ಟಕ್ಕೆ ಕರೆದೊಯ್ದೆ. ಅವಳು ಕತ್ತೆತ್ತಿ ನೋಡಿ ಕೇಳಿದಳು: "ಅಪ್ಪಾ, ಇದು ಯಾವ ಗಣಿ ಮಣ್ಣು? ನೀನೇ ಅಗೆದು ಆಕಿದ್ದಾ?"

ಗಣಿಯ ಮಣ್ಣು ಸುರಿದ ದಿಬ್ಬಗಳನ್ನೇ ಗುಡ್ಡವೆಂದು ನಂಬಿ ಬೆಳೆದ ಕೂಸು! ಮೆಟ್ಟಿಲ ಮೇಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಅವಳ ಕಣ್ಣು ತುಂಬಿತು. ಎತ್ತಿಕೊಂಡು, "ಇದು ದೇವ್ರು ಆಕಿದ್ದು ಕಣಮ್ಮಾ" ಎಂದೆ.

"ಅಂಗಾದ್ರೆ ದೇವ್ರಿಗೂ ನಿನ್ನಂಗೇ ಕೆಮ್ಮು ಬತ್ತದಾ?"

ನಾಟಕದ ರಂಗದ ಮೇಲೆ ಗದೆ ಹಿಡಿದು ಗರ್ಜಿಸುವ ನಾನು ಕೆಮ್ಮುತ್ತಾ ಅವಳನ್ನು ಕೆಳಗಿಳಿಸಿದೆ. ಅವಳು ಕಲ್ಲಿನ ಬಸವನ ಬಾಯಿಂದ ಸುರಿಯುವ ನೀರನ್ನು ಬೊಗಸೆಯಲ್ಲಿ ಹಿಡಿದು ತಂದು, ಅರ್ಧ ನನಗೆ ಕುಡಿಸಿ, ಉಳಿದರ್ಧ ಬಂಡೆಯ ಮೇಲೆ ಸುರಿದಳು.

ನಾನಿನ್ನೂ ಕೆಮ್ಮುತ್ತಲೇ ಇದ್ದೇನೆ. ದೇವರಿಗೆ ಹೇಗಿದೆಯೋ, ತಿಳಿಯದು.